ಚಳಿಗೆ ಲಾರಿಯ ಎರಡನೇ ಗೇರ್ ಬೀಳ್ತಿಲ್ಲ, ಯಾವ ಗೇರ್ ಆಯಿಲ್ ಹಾಕಲಿ?

ಪ್ರಶ್ನೆ:
ನಮಸ್ಕಾರ. ನನ್ನ ಲಾರಿಯದು ಐದು ಗೇರಿನ ಮ್ಯಾನುಯಲ್ ಗೇರ್‌ಬಾಕ್ಸ್, ಸಿಂಕ್ರೋ (ಗೇರ್ ಬೀಳುವ ಮುಂಚೆ ವೇಗ ಒಂದು ಮಾಡುವ ವ್ಯವಸ್ಥೆ) ಇರುವಂಥದ್ದು. ಬೆಳಗ್ಗೆ ಚಳಿ ಮೈನಸ್ 15ರ ಹತ್ತಿರ ಇರುತ್ತದೆ. ಹೊರಟ ಮೇಲೆ ತುಂಬಾ ಹೊತ್ತು ಎರಡನೇ ಗೇರ್ ಬೀಳುವುದೇ ಇಲ್ಲ, ಜೋರು ಮಾಡಿದರೆ ಕರ್ ಅನ್ನುತ್ತದೆ. ಗಾಡಿ ಬಿಸಿಯಾದರೆ ಯಾವ ತೊಂದರೆಯೂ ಇಲ್ಲ. ಈಗ ಒಳಗಿರುವ ಆಯಿಲ್ ದಪ್ಪದಲ್ಲಿ 85ಡಬ್ಲ್ಯೂ-140, ಒತ್ತಡ ತಡೆಯುವ ದರ್ಜೆಯಲ್ಲಿ ಜಿಎಲ್-5. ಒಬ್ಬರು 75ಡಬ್ಲ್ಯೂ-90 ಹಾಕಿ ಅಂತಾರೆ, ಇನ್ನೊಬ್ಬರು ಇಂಜಿನ್ ಆಯಿಲ್ಲೇ ಸಾಕು ಅಂತಾರೆ. ತೆಳ್ಳಗಿನ ಆಯಿಲ್ ಹಾಕಿ ಲೋಡ್ ಹೊತ್ತು ಏರು ಹತ್ತಿದರೆ ಗೇರ್ ಸವೆಯಲ್ವಾ?

ಉತ್ತರ 1:
ಬಿಸಿಯಾದ ಮೇಲೆ ಸರಿಹೋಗುತ್ತದೆ ಅಂದರೆ ಕ್ಲಚ್ ಮೇಲೆ ಅನುಮಾನ ಬೇಡ, ಆಯಿಲ್ಲೇ ಗಟ್ಟಿಯಾಗಿದೆ. ಡಬ್ಲ್ಯೂ ಜೊತೆಗಿನ ನಂಬರ್ ಚಳಿಯದು. 85ಡಬ್ಲ್ಯೂ ಮೈನಸ್ 12ರವರೆಗೆ, 80ಡಬ್ಲ್ಯೂ ಮೈನಸ್ 26ರವರೆಗೆ, 75ಡಬ್ಲ್ಯೂ ಮೈನಸ್ 40ರವರೆಗೆ. ನಿಮ್ಮ ಚಳಿ ಆಗಲೇ 85ಡಬ್ಲ್ಯೂನ ಗಡಿ ದಾಟಿದೆ. ಸಿಂಕ್ರೋ ರಿಂಗ್ ಗೇರಿನ ಕೋನ್ (ಶಂಕುವಿನಾಕಾರದ ಭಾಗ) ಮೇಲಿನ ಆಯಿಲ್ ಪದರವನ್ನು ಒರೆಸಿ ಹಿಡಿದುಕೊಳ್ಳಬೇಕು, ಆಗಲೇ ಎರಡರ ವೇಗ ಒಂದಾಗುವುದು. ಆಯಿಲ್ ಜೇನಿನ ಹಾಗೆ ನಿಂತುಬಿಟ್ಟರೆ ರಿಂಗ್ ಏನನ್ನು ಹಿಡಿಯಬೇಕು ಹೇಳಿ? ಒಂದನೇ ಗೇರಿಗೂ ಎರಡಕ್ಕೂ ವೇಗದ ಅಂತರ ಜಾಸ್ತಿ, ಅದಕ್ಕೇ ಎರಡನೆಯದೇ ಮೊದಲು ತೊಂದರೆ ಕೊಡುವುದು.

ಸವೆತದ ಚಿಂತೆಗೆ ಎರಡನೇ ನಂಬರ್ ನೋಡಿ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದರ ಲೆಕ್ಕ. ನಿಮ್ಮ ಗೇರ್‌ಬಾಕ್ಸಿನ ಮ್ಯಾನುಯಲ್‌ನಲ್ಲಿ (ಕಂಪನಿಯ ಕೈಪಿಡಿಯಲ್ಲಿ) 90 ಅಂತ ಇದ್ದರೆ 75ಡಬ್ಲ್ಯೂ-90 ಬಿಸಿಯಲ್ಲೂ ಅಷ್ಟೇ ದಪ್ಪ ಇರುತ್ತದೆ, ಧೈರ್ಯವಾಗಿ ಹಾಕಿ. ಮ್ಯಾನುಯಲ್‌ನಲ್ಲಿ ಹೊರಗಿನ ಚಳಿಗೆ ತಕ್ಕಂತೆ ಗ್ರೇಡ್ ತೋರಿಸುವ ಪಟ್ಟಿ ಇರುತ್ತದೆ, ಅಂಗಡಿಯವರ ಮಾತಿಗಿಂತ ಅದೇ ದೊಡ್ಡದು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ಜಿಎಲ್ ನಂಬರನ್ನೂ ನೋಡಲೇಬೇಕು. ಜಿಎಲ್-5 ಇರುವುದು ಡಿಫರೆನ್ಷಿಯಲ್ಲಿನ (ಚಕ್ರಗಳಿಗೆ ಶಕ್ತಿ ಹಂಚುವ, ಆಕ್ಸಲ್ ಮಧ್ಯದ ಗೇರ್ ಪೆಟ್ಟಿಗೆಯ) ಕ್ರೌನ್-ಪಿನಿಯನ್ ಗೇರ್‌ಗಳಿಗೆ. ಅಲ್ಲಿ ಹಲ್ಲುಗಳು ವಿಪರೀತ ಒತ್ತಡದಲ್ಲಿ ಜಾರುತ್ತವೆ, ಅದಕ್ಕೇ ಗಂಧಕ-ರಂಜಕದ ಅಡಿಟಿವ್ ಜಾಸ್ತಿ ಹಾಕಿರುತ್ತಾರೆ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿ ಅದು ಬಿಸಿಗೆ ಹಿತ್ತಾಳೆ ಸಿಂಕ್ರೋ ರಿಂಗನ್ನು ತಿನ್ನುತ್ತದೆ, ಜಾರುವ ಗುಣದಿಂದ ರಿಂಗಿನ ಹಿಡಿತವೂ ಕಡಿಮೆಯಾಗುತ್ತದೆ. ಹಾಗಾಗಿ ಮ್ಯಾನುಯಲ್‌ನಲ್ಲಿ ಜಿಎಲ್-4 ಅಂತ ಇದ್ದರೆ ಗೇರ್‌ಬಾಕ್ಸಿಗೆ ಜಿಎಲ್-4ನ 75ಡಬ್ಲ್ಯೂ-90, ಸಿಂಥೆಟಿಕ್ ಆದರೆ ಇನ್ನೂ ಒಳ್ಳೆಯದು. ಡಿಫರೆನ್ಷಿಯಲ್ಲಿಗೆ ಮಾತ್ರ ಜಿಎಲ್-4 ಹಾಕಲು ಹೋಗಬೇಡಿ, ಕ್ರೌನ್ ಹಾಳಾಗುತ್ತದೆ.

ಇಂಜಿನ್ ಆಯಿಲ್ ಮಾತು ಪೂರ್ತಿ ಸುಳ್ಳಲ್ಲ. ಸಿಂಕ್ರೋ ಇಲ್ಲದ ದೊಡ್ಡ ಟ್ರಕ್ ಗೇರ್‌ಬಾಕ್ಸ್‌ಗಳಿಗೆ 50 ಗ್ರೇಡಿನ ಆಯಿಲ್ ಹಾಕಿ ಅಂತ ಕಂಪನಿಯೇ ಹೇಳುವುದುಂಟು. ಗೇರ್ ಆಯಿಲ್ ನಂಬರ್ ಬೇರೆ, ಇಂಜಿನ್ ಆಯಿಲ್ ನಂಬರ್ ಬೇರೆ. ಗೇರ್ ಆಯಿಲ್‌ನ 90 ದಪ್ಪದಲ್ಲಿ ಇಂಜಿನ್ ಆಯಿಲ್‌ನ 40, 50ರ ಆಸುಪಾಸಿಗೇ ಬರುತ್ತದೆ. ಆದರೂ ನಿಮ್ಮ ಮ್ಯಾನುಯಲ್ ಕೇಳದೆ ಇದ್ದರೆ ಸುಮ್ನೆ ಪ್ರಯೋಗ ಮಾಡಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮ್ಯಾನುಯಲ್‌ ತೆಗೆದು ನೋಡಿದೆ, ಜಿಎಲ್-4, ಚಳಿಗೆ 75ಡಬ್ಲ್ಯೂ-90 ಅಂತಲೇ ಇದೆ. ಬದಲಾಯಿಸುವಾಗ ಏನು ಗಮನಿಸಬೇಕು? ಅಲ್ಲಿಯವರೆಗೆ ಗಾಡಿ ಹೇಗೆ ಓಡಿಸಲಿ?

ಉತ್ತರ 3:
ಅಲ್ಲಿಯವರೆಗೆ ಬೆಳಗ್ಗೆ ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಮೇಲಿಂದ ಕಾಲು ತೆಗೆದು ಐದಾರು ನಿಮಿಷ ಇಂಜಿನ್ ಓಡಲು ಬಿಡಿ. ಕ್ಲಚ್ ಒತ್ತಿಕೊಂಡೇ ಕೂತರೆ ಒಳಗೆ ಶಾಫ್ಟ್ ತಿರುಗುವುದಿಲ್ಲ, ಆಯಿಲ್ ಅಲುಗುವುದಿಲ್ಲ. ಹೊರಟ ಮೇಲೆ ಎರಡನೇ ಗೇರಿಗೆ ಡಬಲ್ ಕ್ಲಚ್ ಮಾಡಿ, ಅಂದರೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಮತ್ತೆ ಒತ್ತಿ ಗೇರ್ ಹಾಕಿ. ಲಿವರನ್ನು ಕುಟ್ಟಬೇಡಿ, ಒಂದೇ ಸಮ ಒತ್ತಿ ಹಿಡಿದರೆ ತಾನಾಗಿ ಬೀಳುತ್ತದೆ.

ಆಯಿಲ್ ಇಳಿಸುವ ಮೊದಲು ಮೇಲಿನ ಫಿಲ್ಲಿಂಗ್ ಪ್ಲಗ್ ಬಿಚ್ಚಿಕೊಳ್ಳಿ. ಕೆಳಗಿನದನ್ನು ತೆಗೆದು ಎಲ್ಲಾ ಇಳಿದ ಮೇಲೆ ಮೇಲಿನದು ಬಿಚ್ಚದಿದ್ದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಗಾಡಿ ಓಡಿಸಿ ಬಂದ ತಕ್ಷಣ, ಬಿಸಿ ಇರುವಾಗಲೇ ಇಳಿಸಿ. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಸಹಜ. ಕಬ್ಬಿಣದ ಚೂರು ಸಿಕ್ಕರೆ ಬಾಕ್ಸ್ ಬಿಚ್ಚಿ ನೋಡಿಸಬೇಕು. ಹಿತ್ತಾಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಅದಕ್ಕೆ ಆಯಿಲ್ಲನ್ನೇ ಬೆಳಕಿಗೆ ಹಿಡಿದು ನೋಡಿ. ಹೊಂಬಣ್ಣದ ಮಿಣುಕು ತುಂಬಿದ್ದರೆ ಸಿಂಕ್ರೋ ರಿಂಗ್ ಸವೆದಿದೆ ಅಂತ, ಹೊಸ ಆಯಿಲ್ ಅದನ್ನು ಸರಿಮಾಡಲ್ಲ. ತುಂಬುವಾಗ ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಫಿಲ್ಲಿಂಗ್ ತೂತಿನ ಕೆಳ ಅಂಚಿಗೆ ಆಯಿಲ್ ಬಂದರೆ ಸಾಕು.