ಪದಚರ್ಚೆ: 'ಥಿನ್ ಫಿಲಂ'ಗೆ ಕನ್ನಡದಲ್ಲಿ ಏನನ್ನೋಣ? ಪದರವೋ, ಪೊರೆಯೋ, ಲೇಪವೋ, ಕೆನೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡು ಮೂರು ದಿನ ಆಯಿತು. ಯಾರಾದರೂ ಬಿಡಿಸಿಕೊಡಿ.

ಸಂಶೋಧನಾ ಲೇಖನಗಳ ಸಾರಾಂಶಗಳನ್ನು ಪಿಯುಸಿ ಹುಡುಗರಿಗೆ ತಿಳಿಯುವ ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೆ. ಮೂರು ಕಟ್ಟು ಬಂದವು. ಒಂದು ಬೆಳೆಗಳದ್ದು, ಒಂದು ಔಷಧಿ ಗಿಡಗಳದ್ದು, ಇನ್ನೊಂದು ಥಿನ್ ಫಿಲಂಗಳದ್ದು, ಅಂದರೆ ಗಾಜಿನಂಥದ್ದರ ಮೇಲೆ ಬಹಳ ತೆಳ್ಳಗೆ ಹಿಡಿಸಿದ ವಸ್ತುಗಳದ್ದು. ಮೊದಲನೆಯದು ಒಂದೇ ಸಂಜೆಗೆ ಮುಗಿಯಿತು. ಎರಡನೆಯದು ಒಂದು ವಾರ ತಲೆ ತಿಂದಿತು. ಮೂರನೆಯದು ತಲೆಬರಹದಲ್ಲೇ ನಿಂತಿದೆ.

ಸುಮ್ನೆ ಕುತೂಹಲಕ್ಕೆ ಯಂತ್ರ ಅನುವಾದಕ್ಕೆ ಹಾಕಿ ನೋಡಿದೆ. 'ಥಿನ್ ಫಿಲಂ ಡೆಪಾಸಿಷನ್' (ಫಿಲಂ ಹಿಡಿಸುವ ಕೆಲಸ) ಅನ್ನೋದು 'ತೆಳುವಾದ ಚಲನಚಿತ್ರ ಠೇವಣಿ' ಆಗಿ ಬಂತು. ಯಾರೋ ನಿರ್ಮಾಪಕರು ಡಬ್ಬ ಹೊತ್ತುಕೊಂಡು ಬ್ಯಾಂಕಿಗೆ ಹೋದ ಹಾಗಿತ್ತು. ಚೆನ್ನಾಗಿ ನಕ್ಕೆ. ಆಮೇಲೆ ನಾನೇ ಬರೆಯಲು ಕೂತೆ, ನನಗೂ ಏನೂ ಹೊಳೆಯಲಿಲ್ಲ.

ಬೆಳೆಗಳ ಕಟ್ಟು ಯಾಕೆ ಬೇಗ ಮುಗಿಯಿತು ಅಂದರೆ ಅಲ್ಲಿ ಪದಗಳನ್ನು ರೈತರು ಆಗಲೇ ಮಾಡಿಟ್ಟಿದ್ದಾರೆ. ರಾಗಿ ತೆಂಡೆ ಒಡೆಯುತ್ತದೆ, ಹೊಡೆ ಬಿಚ್ಚುತ್ತದೆ, ಕಾಳು ಹಾಲು ತುಂಬುತ್ತದೆ. 'ಬ್ಲಾಸ್ಟ್' ಅಂದರೆ ಬೆಂಕಿರೋಗ. ಇದನ್ನು ಯಂತ್ರ 'ಸ್ಫೋಟ' ಅಂದಿತ್ತು, ಆ ಮಾತು ಬಿಡಿ. ಹೊರಗಿನ ಪದ ಬಂದರೂ ಹೊಲದಲ್ಲಿ ಯಾರೂ ತಕರಾರು ಮಾಡುವುದಿಲ್ಲ. ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ತೆಗೆದ ತಳಿಗೆ 'ಇಂಡಾಫ್' ಅಂತ ಹೆಸರಿಟ್ಟರು. ಇಂಡಿಯಾದ ಅರ್ಧ, ಆಫ್ರಿಕಾದ ಅರ್ಧ. ಹಳೇ ಮೈಸೂರು ಕಡೆಯ ರೈತರು ಅದನ್ನು ತಮ್ಮದೇ ಮಾತು ಅನ್ನುವಷ್ಟು ಸಲೀಸಾಗಿ ಹೇಳುತ್ತಾರೆ.

ಔಷಧಿ ಗಿಡಗಳಲ್ಲಿ ಕಷ್ಟ ಉಲ್ಟಾ. ಪದ ಇಲ್ಲ ಅಂತಲ್ಲ, ಜಾಸ್ತಿ ಇವೆ. ಒಂದು ಸಾರಾಂಶದಲ್ಲಿ 'ಬ್ರಾಹ್ಮಿ' ಅಂತಿತ್ತು. ನಮ್ಮ ಮನೆಯಲ್ಲಿ ಬ್ರಾಹ್ಮಿ ಅಂದರೆ ತಂಬುಳಿ ಮಾಡುವ ಒಂದೆಲಗ, ತುಳುವಿನ ತಿಮರೆ. ಇಂಗ್ಲಿಷ್ ಲೇಖನದಲ್ಲಿ ಇದ್ದದ್ದು ನೀರುಬ್ರಾಹ್ಮಿ, ಅಂದರೆ ಬಕೋಪಾ. ಎರಡೂ ಬೇರೆ ಬೇರೆ ಗಿಡ, ಎಲೆ ನೋಡಿದರೇ ಗೊತ್ತಾಗುತ್ತದೆ. ಒಳಗಿನ ರಾಸಾಯನಿಕಗಳೂ ಬೇರೆ. ಬಕೋಪಾದ್ದು ಬಾಕೋಸೈಡ್, ಒಂದೆಲಗದ್ದು ಏಷಿಯಾಟಿಕೋಸೈಡ್. ನಾನು ಬ್ರಾಹ್ಮಿ ಅಂತಲೇ ಬಿಟ್ಟಿದ್ದರೆ ಓದಿದ ಹುಡುಗ ಹಿತ್ತಲಿಗೆ ಹೋಗಿ ತಪ್ಪು ಗಿಡ ಕಿತ್ತು ತರುತ್ತಿದ್ದ. ಶಂಖಪುಷ್ಪಿಯ ಕಥೆಯೂ ಇದೇ. ಒಬ್ಬರಿಗೆ ಅದು ವಿಷ್ಣುಕ್ರಾಂತಿ, ಇನ್ನೊಬ್ಬರಿಗೆ ಬೇಲಿಯ ಮೇಲಿನ ನೀಲಿ ಶಂಖಪುಷ್ಪದ ಬಳ್ಳಿ. ಸಂಶೋಧಕರು ತಾವು ಬಳಸಿದ ಗಿಡದ ಒಂದು ಕೊಂಬೆಯನ್ನು ಒಣಗಿಸಿ, ಹಾಳೆಗೆ ಅಂಟಿಸಿ, ನಂಬರು ಕೊಟ್ಟು ಎತ್ತಿಡುವುದು ಇದಕ್ಕೇ.

ಇದಕ್ಕಿಂತ ಹೆಚ್ಚು ಕಾಡಿದ್ದು, ಗಿಡದೊಳಗಿನ ವಸ್ತುವನ್ನು ದ್ರವಕ್ಕೆ ಇಳಿಸಿ ತೆಗೆದದ್ದಕ್ಕೆ ಹೇಳುವ 'ಎಕ್ಸ್‌ಟ್ರಾಕ್ಟ್'. ಮೊದಲು ಕಣ್ಣುಮುಚ್ಚಿ 'ಕಷಾಯ' ಅಂತ ಬರೆದಿದ್ದೆ. ತಪ್ಪು. ಕಷಾಯ ಅಂದ ಕೂಡಲೇ ನಮ್ಮ ತಲೆಯಲ್ಲಿ ಒಲೆ ಹೊತ್ತುತ್ತದೆ, ನೀರು ಕುದಿಯುತ್ತದೆ. ಕುದಿಸಿದರೆ ಕೆಲವು ವಸ್ತು ಕೆಟ್ಟೇ ಹೋಗುತ್ತವೆ. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಸಿಕ್ಕಿದ್ದು ಹೀಗೆಯೇ ಅಲ್ವಾ? ಚೀನಾದ ವಿಜ್ಞಾನಿ ತು ಯೂಯೂ ಮತ್ತವರ ತಂಡ ಛಿಂಗ್‌ಹಾವ್ ಅನ್ನೋ ಗಿಡ ಹಿಡಿದು ಒದ್ದಾಡುತ್ತಿದ್ದರು. ಅದು ನಮ್ಮ ದವನದ ಕುಲದ್ದೇ ಗಿಡ. ಒಮ್ಮೆ ಫಲ ಕಾಣುತ್ತಿತ್ತು, ಇನ್ನೊಮ್ಮೆ ಇಲ್ಲ. 4ನೇ ಶತಮಾನದ ಗೆ ಹೋಂಗ್ ಎಂಬ ವೈದ್ಯನ ಬರಹದಲ್ಲಿ ಒಂದು ಹಿಡಿ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ಆ ರಸ ಕುಡಿಯಬೇಕು ಅಂತಿತ್ತು. ಕುದಿಸು ಅಂತ ಇರಲೇ ಇಲ್ಲ! ಆಗ ಆಕೆ ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರವ ಬಳಸಿ, ಹೆಚ್ಚು ಬಿಸಿ ತಾಗದ ಹಾಗೆ ಸಾರ ತೆಗೆದರು. 1971ರಲ್ಲಿ ಅದು ಕೆಲಸ ಮಾಡಿತು, 2015ರಲ್ಲಿ ನೊಬೆಲ್ ಬಂತು. ಇದನ್ನು ಕನ್ನಡದಲ್ಲಿ 'ಈಥರ್ ಕಷಾಯ' ಅಂತ ಬರೆದರೆ ಇಡೀ ಕಥೆಯ ಜೀವವೇ ಹೋಗುತ್ತದೆ.

ತಮಾಷೆ ಅಂದರೆ ಆಯುರ್ವೇದದ ಪಂಡಿತರಿಗೆ ಕಷಾಯ ಇಷ್ಟು ಸಣ್ಣ ಪದ ಅಲ್ಲ. ಹಿಂಡಿದ ಸ್ವರಸ, ಅರೆದ ಕಲ್ಕ, ಕುದಿಸಿದ ಕ್ವಾಥ, ತಣ್ಣೀರಲ್ಲಿ ನೆನೆಸಿದ ಹಿಮ, ಬಿಸಿನೀರು ಹುಯ್ದು ಸೋಸಿದ ಫಾಂಟ, ಐದೂ ಸೇರಿ ಕಷಾಯವೇ. ಆ ಲೆಕ್ಕದಲ್ಲಿ ನಾವು ಕುಡಿಯುವ ಟೀ ಫಾಂಟ, ಬೀದಿ ಅಂಗಡಿಯಲ್ಲಿ ಕೊತಕೊತ ಕುದಿಸಿದರೆ ಕ್ವಾಥ. ಆದರೆ ಬಳಕೆಯಲ್ಲಿ ಕಷಾಯಕ್ಕೆ ಉಳಿದಿರುವುದು ಕುದಿಸಿದ್ದು ಎಂಬ ಒಂದೇ ಅರ್ಥ. 'ಅರ್ಕ' ಹಾಕೋಣ ಅಂದರೆ ಅದು ಭಟ್ಟಿ ಇಳಿಸಿದ್ದು. 'ಸತ್ವ' ಹಾಕೋಣ ಅಂದರೆ ಅಮೃತಬಳ್ಳಿ ಸತ್ವ ಅಂತ ಅಂಗಡಿಯಲ್ಲಿ ಸಿಗುವುದು ಬಳ್ಳಿಯನ್ನು ಜಜ್ಜಿ ನೀರಲ್ಲಿ ಕಿವುಚಿದಾಗ ತಳದಲ್ಲಿ ನಿಲ್ಲುವ ಪಿಷ್ಟ. ಕೊನೆಗೆ 'ಸಾರ'ಕ್ಕೆ ಬಂದು ನಿಂತೆ. 'ಮೆಥನಾಲ್ ಸಾರ', 'ನೀರಿನ ಸಾರ'. ನಮ್ಮ ಮನೆಯವರು ಓದಿ, "ಸಾರಿಗೆ ಒಗ್ಗರಣೆ ಹಾಕಿದ್ರಾ?" ಅಂದರು. ಹಾಕಿಲ್ಲ. ಆದರೂ ಇರಲಿ, ಇದರಲ್ಲಿ ನನಗೆ ಸಮಾಧಾನ ಇದೆ.

ಈಗ ನಿಜವಾದ ಪ್ರಶ್ನೆ, ಥಿನ್ ಫಿಲಂ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಗಾಜಿನ ಚೂರಿನ ಮೇಲೆ ಜಿಂಕ್ ಆಕ್ಸೈಡನ್ನೋ ಟಿನ್ ಆಕ್ಸೈಡನ್ನೋ ಬಹಳ ತೆಳ್ಳಗೆ ಹಿಡಿಸುತ್ತಾರೆ. ಎಷ್ಟು ತೆಳ್ಳಗೆ ಅಂದರೆ ಕೆಲವು ನ್ಯಾನೋಮೀಟರಿನಿಂದ ಒಂದೆರಡು ಮೈಕ್ರೋಮೀಟರ್ ತನಕ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್, ಲೆಕ್ಕ ಹಾಕಿಕೊಳ್ಳಿ. ನಿಮ್ಮ ಫೋನಿನ ಗಾಜು ಬೆರಳು ಮುಟ್ಟಿದ್ದನ್ನು ತಿಳಿಯುವುದು, ಕನ್ನಡಕದ ಹೊಳಪು ಕಡಿಮೆ ಆಗುವುದು, ಚಿಪ್ಸ್ ಪೊಟ್ಟಣದ ಒಳಗೆ ಬೆಳ್ಳಿಯ ಹಾಗೆ ಮಿನುಗುವುದು, ಎಲ್ಲ ಇದರಿಂದಲೇ. ಮಳೆ ಬಂದ ಮೇಲೆ ರಸ್ತೆಯ ನೀರಿನ ಮೇಲೆ ಎಣ್ಣೆ ಹರಡಿ ಕಾಮನಬಿಲ್ಲಿನ ಬಣ್ಣ ಕಾಣುತ್ತದಲ್ಲ, ಅದೂ ಒಂದು ಥಿನ್ ಫಿಲಂ.

ಸಾಮಾನ್ಯವಾಗಿ ಬರೆಯುವುದು 'ತೆಳುಪದರ'. ಕಿವಿಗೆ ಚೆನ್ನಾಗಿದೆ. ಆದರೆ ಪದರ ಅಂದರೆ ನನಗೆ ಈರುಳ್ಳಿ, ಚಿರೋಟಿ ನೆನಪಾಗುತ್ತವೆ. ಒಂದರ ಮೇಲೊಂದು ಇದ್ದರೆ ಪದರ. ಇಲ್ಲಿ ಇರುವುದು ಒಂದೇ. ಎರಡು ಮೂರು ಫಿಲಂ ಒಂದರ ಮೇಲೊಂದು ಹಾಕಿದ 'ಮಲ್ಟಿಲೇಯರ್' ಬಂದಾಗ ಪದರ ಬೇಕೇ ಬೇಕು, ಆಗ ಫಿಲಂಗೆ ಏನನ್ನೋಣ?

'ಪೊರೆ' ನನಗೆ ತುಂಬಾ ಇಷ್ಟವಾದ ಪದ. ಹಾವಿನ ಪೊರೆ, ಕಣ್ಣಿನ ಪೊರೆ. ತೆಳುವೂ ಹೌದು, ಮೇಲೆ ಕೂತಿದ್ದೂ ಹೌದು. ಆದರೆ ಜೀವಶಾಸ್ತ್ರದವರು ಅದನ್ನು 'ಮೆಂಬ್ರೇನ್'ಗೆ ಮೊದಲೇ ಒಯ್ದುಬಿಟ್ಟಿದ್ದಾರೆ, ಜೀವಕೋಶದ ಪೊರೆ ಅಂತ. ಹೋಗಲಿ, ಇಬ್ಬರೂ ಹಂಚಿಕೊಳ್ಳಲಿ ಅಂದುಕೊಂಡೆ. ಅಷ್ಟರಲ್ಲಿ ಮನೆಯ ಆರ್‌ಓ ನೀರಿನ ಫಿಲ್ಟರ್ ಅಡ್ಡ ಬಂತು. ಅದರೊಳಗಿನ ಮೆಂಬ್ರೇನಿನ ಹೆಸರೇ 'ಥಿನ್ ಫಿಲಂ ಕಾಂಪೊಸಿಟ್ ಮೆಂಬ್ರೇನ್'. ರಂಧ್ರಗಳಿರುವ ಪಾಲಿಸಲ್ಫೋನ್ ಹಾಸಿನ ಮೇಲೆ ನೂರಿನ್ನೂರು ನ್ಯಾನೋಮೀಟರಿನ ಪಾಲಿಅಮೈಡ್ ಫಿಲಂ, ಉಪ್ಪನ್ನು ತಡೆಯುವುದು ಅದೇ. ಎರಡಕ್ಕೂ ಪೊರೆ ಅಂದರೆ 'ತೆಳುಪೊರೆಯುಳ್ಳ ಪೊರೆ' ಅಂತ ಬರೆಯಬೇಕು. ಯಾರು ಓದುತ್ತಾರೆ?

'ಪಟಲ' ನನಗೆ ಹಿಡಿಸಲಿಲ್ಲ, ಅಕ್ಷಿಪಟಲದಲ್ಲೇ ಇರಲಿ. 'ಲೇಪ' ಇನ್ನೊಂದು. ಲೇಪ ಯಾವಾಗಲೂ ಬೇರೆ ವಸ್ತುವಿನ ಸೇವೆಗೆ ಇರುವಂಥದ್ದು, ಪಾತ್ರೆಗೆ ಕಲಾಯಿ ಇದ್ದ ಹಾಗೆ. ಇಲ್ಲಿ ಸಂಶೋಧನೆ ನಡೆಯುವುದೇ ಆ ತೆಳು ವಸ್ತುವಿನ ಮೇಲೆ, ಗಾಜು ಬರೀ ಮಣೆ. ಮೇಲಾಗಿ ಸೋಪಿನ ಗುಳ್ಳೆಯ ಫಿಲಂಗೆ ಕೆಳಗೆ ಏನೂ ಇಲ್ಲ, ಅದನ್ನು ಯಾವುದರ ಲೇಪ ಅನ್ನೋದು? ಇನ್ನು 'ಕೆನೆ'. ಹಾಲಿನ ಮೇಲೆ ತಾನಾಗಿ ಕಟ್ಟುವ ಕೆನೆ ಎಷ್ಟು ಒಳ್ಳೆಯ ಉದಾಹರಣೆ! ಆದರೆ 'ಕೆನೆಪದರ'ವನ್ನು ಮೀಸಲಾತಿಯವರು ಬಳಸಿ ಬಳಸಿ, ಈಗ ಅದನ್ನು ಬರೆದರೆ ಹುಡುಗರು ಆದಾಯ ಪ್ರಮಾಣಪತ್ರ ಹುಡುಕುತ್ತಾರೆ.

ಹೀಗೆ ಸುತ್ತುತ್ತಿರುವಾಗ ಒಂದು ವಿಷಯ ಹೊಳೆಯಿತು, ಅದನ್ನೇ ನಿಮ್ಮ ಮುಂದೆ ಇಡಬೇಕು ಅನ್ನಿಸಿದ್ದು. ಇಂಥ ತೆಳು ವಸ್ತುವಿಗೆ ನಮ್ಮಲ್ಲಿ ಒಂದೇ ನಾಮಪದ ಇಲ್ಲದಿರಬಹುದು. ಕ್ರಿಯಾಪದಗಳು ಮಾತ್ರ ಎಷ್ಟು ಬೇಕಾದರೂ ಇವೆ, ಒಂದೊಂದಕ್ಕೂ ಒಂದೊಂದು ಕೆಲಸ. ಧೂಳು ಕೂರುತ್ತದೆ. ಮಸಿ ಹಿಡಿಯುತ್ತದೆ. ಕೆನೆ ಕಟ್ಟುತ್ತದೆ, ಪಾಚಿ ಕಟ್ಟುತ್ತದೆ, ಗೀಸರಿನ ಒಳಗೆ ಸುಣ್ಣ ಕಟ್ಟುತ್ತದೆ. ಬಣ್ಣವನ್ನು ಬಳಿಯುತ್ತೇವೆ, ತುಪ್ಪ ಸವರುತ್ತೇವೆ. ಧೂಳು ಕಟ್ಟಿದೆ ಅಂತ ಯಾರೂ ಹೇಳುವುದಿಲ್ಲ, ಕೆನೆ ಕೂತಿದೆ ಅಂತಲೂ ಹೇಳುವುದಿಲ್ಲ. ಮೇಲಿನಿಂದ ಬಂದದ್ದು ಕೂರುತ್ತದೆ, ಇರುವ ದ್ರವದಿಂದ ತಾನಾಗಿ ಬೆಳೆದದ್ದು ಕಟ್ಟುತ್ತದೆ, ಹೊಗೆ ಆವಿಗಳಿಂದ ಅಂಟಿದ್ದು ಹಿಡಿಯುತ್ತದೆ.

ಲ್ಯಾಬಿನವರು ಮಾಡುವುದೂ ಇವೇ ಬೇರೆ ಬೇರೆ ಕೆಲಸಗಳನ್ನು! ಕ್ಯಾಡ್ಮಿಯಂ ಲವಣ, ಥಯೋಯೂರಿಯಾ, ಅಮೋನಿಯಾ ಬೆರೆಸಿದ ದ್ರಾವಣದಲ್ಲಿ ಗಾಜು ಮುಳುಗಿಸಿಟ್ಟರೆ ಅದರ ಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಹಳದಿಯಾಗಿ ಕಟ್ಟುತ್ತದೆ. ಗಾಳಿ ತೆಗೆದ ಪಾತ್ರೆಯೊಳಗೆ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಿದರೆ ಮೇಲಿನ ಗಾಜಿಗೆ ಹೋಗಿ ಹಿಡಿಯುತ್ತದೆ. ಕಾದ ಗಾಜಿನ ಮೇಲೆ ದ್ರಾವಣ ಸಿಂಪಡಿಸುವ ವಿಧಾನಕ್ಕೆ ರೈತರ ಸಿಂಪಡಣೆಯೇ ಸಾಕು. ಫಿಲಂ ಸರಿಯಾಗಿ ಅಂಟದಿದ್ದರೆ ಹಕ್ಕಳೆ ಏಳುತ್ತದೆ. ಅದನ್ನು ಪರೀಕ್ಷಿಸಲು ಅವರು ಅಂಟುಪಟ್ಟಿ ಹಚ್ಚಿ ಕೀಳುತ್ತಾರಂತೆ, ಎಷ್ಟು ನಾಟಿ ಉಪಾಯ ನೋಡಿ.

ನಮ್ಮ ಅಜ್ಜಿ ಕಾಡಿಗೆ ಹಿಡಿಯುತ್ತಿದ್ದರು. 'ಮಾಡುತ್ತಿದ್ದರು' ಅಲ್ಲ, 'ಹಿಡಿಯುತ್ತಿದ್ದರು'. ಗರಗದ ಸೊಪ್ಪಿನ ರಸದಲ್ಲಿ ಬಿಳಿ ಬಟ್ಟೆ ನೆನೆಸಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ತಟ್ಟೆಯ ತಳದಲ್ಲಿ ರೇಷ್ಮೆಯ ಹಾಗೆ ಕಪ್ಪು. ಔಷಧಿ ಗಿಡವೂ ಬಂತು, ಎಣ್ಣೆಕಾಳಿನ ಬೆಳೆಯೂ ಬಂತು, ಕಾರ್ಬನ್ನಿನ ತೆಳು ಫಿಲಂ ಕೂಡ ಬಂತು. ನನ್ನ ಮೂರೂ ಕಟ್ಟು ಒಂದೇ ತಟ್ಟೆಯಲ್ಲಿ!

ಆದ್ದರಿಂದ ಈಗ ಮಾಡಿರುವುದು ಇಷ್ಟು. ತಲೆಬರಹದಲ್ಲಿ ಅರ್ಧ ಮನಸ್ಸಿನಿಂದ 'ತೆಳುಪದರ' ಇಟ್ಟಿದ್ದೇನೆ. ಒಳಗೆ ಮಾತ್ರ, 'ಡೆಪಾಸಿಷನ್'ಗೆ ಬಳಸುವ 'ನಿಕ್ಷೇಪಿಸಲಾಯಿತು' ಅನ್ನೋದನ್ನು ಪೂರ್ತಿ ತೆಗೆದುಹಾಕಿ, ವಿಧಾನ ನೋಡಿಕೊಂಡು ಕಟ್ಟಿಸಿದರು, ಹಿಡಿಸಿದರು, ಬಳಿದರು ಅಂತ ಬರೆದಿದ್ದೇನೆ. ನಿಕ್ಷೇಪ ಅಂದರೆ ಚಿನ್ನದ ಗಣಿಯೇ ಕಣ್ಣಿಗೆ ಬರುತ್ತದೆ. ಭೌತಶಾಸ್ತ್ರ ಪಾಠ ಮಾಡುವ ಒಬ್ಬ ಸ್ನೇಹಿತರು, ಇದು ತೀರಾ ಅಡುಗೆಮನೆ ಭಾಷೆ ಆಯಿತು, ಗಾಂಭೀರ್ಯ ಇಲ್ಲ ಅಂದರು. ನನಗೆ ಹಾಗನ್ನಿಸುವುದಿಲ್ಲ. 'ನಿಕ್ಷೇಪಿಸಲಾಯಿತು' ಅಂದರೆ ಮುಳುಗಿಸಿದರೋ, ಸಿಂಪಡಿಸಿದರೋ, ಆವಿ ಮಾಡಿದರೋ ಒಂದೂ ತಿಳಿಯುವುದಿಲ್ಲ.

ನೀವು ಹೇಳಬೇಕಾದ್ದು ಎರಡು. ತೆಳುಪದರಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿ ಯಾರಾದರೂ ಬಳಸುತ್ತಿದ್ದೀರಾ, ಬಳಸಿದ ವಾಕ್ಯದ ಸಮೇತ ಹಾಕಿ. ಇನ್ನೊಂದು, ಗಂಜಿ ಆರಿದಾಗ ಮೇಲೆ ಒಂದು ತೆಳ್ಳನೆಯ ಚರ್ಮದಂಥದ್ದು ಬರುತ್ತದಲ್ಲ, ಬೆರಳಲ್ಲಿ ಎತ್ತಿದರೆ ಹಾಗೇ ಎದ್ದು ಬರುತ್ತದೆ. ಅದಕ್ಕೆ ನಮ್ಮ ಕಡೆ ಕೆನೆ ಅಂತಲೇ ಅನ್ನುತ್ತೇವೆ. ನಿಮ್ಮ ಕಡೆ ಬೇರೆ ಹೆಸರು ಇದೆಯಾ? ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ಮನೆಯಲ್ಲಿ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಸೋಮವಾರ ಈ ಕಟ್ಟು ವಾಪಸ್ ಕಳಿಸಬೇಕು.