ಹಂದಿ ಫಾರ್ಮ್, ಮಾಂಸ ಘಟಕ ಎರಡಕ್ಕೂ ಸೇರಿ ಸಾಲ: ಕೇಳಿದ್ದು, ಹೇಳಿದ್ದು

(ನಮ್ಮ ಗುಂಪಿನಲ್ಲಿ ಈ ವಾರ ಉತ್ತರ ಕೊಡುತ್ತಿರುವವರು ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿದ್ದು ನಿವೃತ್ತರಾದವರು. ಈಗ ಪಶುಸಂಗೋಪನೆ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ನೋಡಿಕೊಡುತ್ತಾರೆ.)

ಪ್ರಶ್ನೆ, ಸೋಮವಾರಪೇಟೆಯಿಂದ: ನಮಸ್ಕಾರ ಸರ್. ನಮ್ಮದು 9 ಎಕರೆ ಕಾಫಿ ತೋಟ, ಪಕ್ಕದಲ್ಲಿ 2 ಎಕರೆ ಖಾಲಿ ಜಾಗ ಇದೆ. ನಾನು, ನನ್ನ ತಮ್ಮ ಸೇರಿ 100 ತಾಯಿ ಹಂದಿ, 10 ಗಂಡು ಹಂದಿ ಹಾಕಿ, ಅಲ್ಲೇ ಕಡಿದು ಪ್ಯಾಕ್ ಮಾಡಿ ಬೆಂಗಳೂರು, ಮೈಸೂರಿಗೆ ಕಳಿಸುವ ಯೋಚನೆ ಮಾಡಿದ್ದೇವೆ. ಒಬ್ಬ ಕನ್ಸಲ್ಟೆಂಟ್ ಹತ್ತಿರ ರಿಪೋರ್ಟ್ ಮಾಡಿಸಿದೆವು. ಒಟ್ಟು 2.10 ಕೋಟಿ. ದಿನಕ್ಕೆ 50 ಹಂದಿ ಕಡಿಯುವ ಮೆಷಿನ್ ಲೈನ್ ಹಾಕಿದ್ದಾರೆ, ಆರನೇ ತಿಂಗಳಿಂದ ಆದಾಯ ತೋರಿಸಿದ್ದಾರೆ, 30 ಲಕ್ಷ ಸಬ್ಸಿಡಿ ಬರುತ್ತೆ ಅಂತಾರೆ. ನಮ್ಮ ಕೈಯಲ್ಲಿ 25 ಲಕ್ಷ ಇದೆ. ಬ್ಯಾಂಕಿನವರು ಫೈಲ್ ತೆಗೆದುಕೊಂಡು ಸುಮ್ನೆ ಕೂತಿದ್ದಾರೆ. ಏನು ಮಾಡಬೇಕು?

ಉತ್ತರ: ಬ್ಯಾಂಕಿನವರು ಸುಮ್ನೆ ಕೂತಿಲ್ಲ, ಆರನೇ ತಿಂಗಳ ಆದಾಯ ನೋಡಿ ಪಕ್ಕಕ್ಕೆ ಇಟ್ಟಿದ್ದಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಲೆಕ್ಕ ಹಾಕೋಣ. ನೀವು ತರುವುದು ಐದು ತಿಂಗಳ ಹೆಣ್ಣು ಮರಿ ಅಂತಿಟ್ಟುಕೊಳ್ಳಿ. ಗಂಡಿಗೆ ಬಿಡೋದು ಎಂಟು ತಿಂಗಳಿಗೆ, ಅಲ್ಲಿಗೆ ಮೂರು ತಿಂಗಳು ಹೋಯಿತು. ಗರ್ಭ 114 ದಿನ, ಅಂದರೆ ಇನ್ನೂ ಸುಮಾರು ನಾಲ್ಕು ತಿಂಗಳು. ಹುಟ್ಟಿದ ಮರಿ 90-100 ಕೆ.ಜಿ. ತೂಗಬೇಕಾದರೆ ಚೆನ್ನಾಗಿ ಸಾಕಿದರೂ ಏಳು ತಿಂಗಳು ಬೇಕು. ಒಟ್ಟು 14 ತಿಂಗಳು. ಮೊದಲ ಹಂದಿ ಮಾರಿ ಕೈಗೆ ದುಡ್ಡು ಬರೋದು ಆಗ. ಆರನೇ ತಿಂಗಳಲ್ಲಿ ನಿಮ್ಮ ಫಾರ್ಮಿನಲ್ಲಿ ಮರಿ ಕೂಡ ಇರುವುದಿಲ್ಲ, ಬರೀ ಬಸಿರಿ ಹಂದಿಗಳಿರುತ್ತವೆ.

ಆ 14 ತಿಂಗಳು ಅವಕ್ಕೆ ಊಟ ಹಾಕಬೇಕಲ್ವಾ? ದೊಡ್ಡ ಹಂದಿಗೆ ದಿನಕ್ಕೆ ಎರಡೂವರೆಯಿಂದ ಮೂರು ಕೆ.ಜಿ. ಫೀಡ್. 110 ಹಂದಿಗೆ ಹತ್ತಿರ ಹತ್ತಿರ 300 ಕೆ.ಜಿ. ಕೆ.ಜಿ.ಗೆ 30 ರೂಪಾಯಿ ಅಂತ ಹಿಡಿಯಿರಿ (ನಿಮ್ಮೂರಿನ ದರ ಹಾಕಿಕೊಳ್ಳಿ), ದಿನಕ್ಕೆ 9 ಸಾವಿರ. 14 ತಿಂಗಳಿಗೆ 38 ಲಕ್ಷ. ಇದರಲ್ಲಿ ಮರಿಗಳ ಫೀಡ್ ಸೇರಿಲ್ಲ, ಕೆಲಸದವರ ಸಂಬಳ ಇಲ್ಲ, ಕರೆಂಟ್ ಇಲ್ಲ, ಬಡ್ಡಿ ಇಲ್ಲ. ಬರುವ ಸಬ್ಸಿಡಿ ಪೂರ್ತಿ ಸುರಿದರೂ ತಾಯಿ ಹಂದಿಗಳ ಹೊಟ್ಟೆಗೇ ಸಾಲದು. ಸುರಿಯೋಕೆ ಆಗುವುದೂ ಇಲ್ಲ ಬಿಡಿ. ಈ ಸಬ್ಸಿಡಿ ಬರುವುದು ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಿಂದ, ಅದನ್ನು ದುಡಿಯುವ ಬಂಡವಾಳಕ್ಕೆ (ಫೀಡ್, ಸಂಬಳದಂಥ ದಿನದ ಖರ್ಚಿಗೆ) ಕೊಡುವುದಿಲ್ಲ, ಜಮೀನು ಖರೀದಿಗೂ ಬಾಡಿಗೆಗೂ ಕೊಡುವುದಿಲ್ಲ.

ಸಬ್ಸಿಡಿ ವಿಷಯ ಹೀಗಿದೆ. 50 ಹೆಣ್ಣು 5 ಗಂಡಿನ ಘಟಕಕ್ಕೆ ಹೆಚ್ಚೆಂದರೆ 15 ಲಕ್ಷ, 100 ಹೆಣ್ಣು 10 ಗಂಡಿಗೆ ಹೆಚ್ಚೆಂದರೆ 30 ಲಕ್ಷ. ಯೋಜನಾ ವೆಚ್ಚದ ಅರ್ಧ ಅಥವಾ ಈ ಮಿತಿ, ಯಾವುದು ಕಡಿಮೆಯೋ ಅದು. ಹಣ ಸಿಡ್ಬಿ (ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕ್) ಮೂಲಕ ಎರಡು ಸಮ ಕಂತಿನಲ್ಲಿ ಬರುತ್ತದೆ. ಎರಡನೆಯದು ಶೆಡ್ ಕೆಲಸ ಮುಗಿದು, ಪಶುಸಂಗೋಪನಾ ಇಲಾಖೆಯವರು ಬಂದು ನೋಡಿ ಬರೆದುಕೊಟ್ಟ ಮೇಲೆ. ಹಾಗಾಗಿ ಸಬ್ಸಿಡಿಯನ್ನು ನಿಮ್ಮ ಪಾಲಿನ ಬಂಡವಾಳ ಅಂತ ರಿಪೋರ್ಟಿನಲ್ಲಿ ತೋರಿಸಬೇಡಿ. ಸಾಲ ಕಡಿಮೆ ಮಾಡುವ ಹಣ ಅದು, ಕೆಲಸ ಶುರು ಮಾಡುವ ಹಣ ಅಲ್ಲ.

ಅದೇ ಸೋಮವಾರಪೇಟೆಯವರು: ಸರ್ ಇದು ಯಾರೂ ಹೇಳಿರಲಿಲ್ಲ. ಹಾಗಾದರೆ ಮೆಷಿನ್ ಲೈನ್ ಕಥೆ?

ಉತ್ತರ: ಅದು ಇನ್ನೂ ದೊಡ್ಡ ಕಥೆ. ಒಂದು ತಾಯಿ ವರ್ಷಕ್ಕೆ ಎರಡು ಸಲ ಮರಿ ಹಾಕಿ, ಸಲಕ್ಕೆ ಎಂಟು ಮರಿ ಉಳಿಸಿಕೊಂಡರೆ 100 ತಾಯಿಗೆ 1,600 ಮರಿ. ಸತ್ತದ್ದು, ಮುಂದಕ್ಕೆ ತಾಯಿಯಾಗಲು ಇಟ್ಟುಕೊಂಡದ್ದು ಕಳೆದು 1,500 ಅನ್ನಿ. ವಾರಕ್ಕೆ 29, ಕೆಲಸದ ದಿನಕ್ಕೆ ಐದು. ನಿಮ್ಮ ಕನ್ಸಲ್ಟೆಂಟ್ ದಿನಕ್ಕೆ 50ರ ಲೈನ್ ಹಾಕಿದ್ದಾರೆ. ಮನೆ ಮಂದಿ ನಾಲ್ಕು ಜನ ಇರುವಾಗ ಮದುವೆ ಮನೆಯ ಕೊಪ್ಪರಿಗೆ ಕೊಂಡ ಹಾಗಾಯಿತು. ಉಳಿದ 45 ಹಂದಿ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ರಿಪೋರ್ಟಿನಲ್ಲಿ ಒಂದು ಸಾಲೂ ಇರಲಿಕ್ಕಿಲ್ಲ, ನೋಡಿ ಬೇಕಾದರೆ.

ನನ್ನ ಸಲಹೆ: ಇದನ್ನು ಎರಡು ಸಾಲ ಮಾಡಿ, ಎರಡರ ಮಧ್ಯೆ ಎರಡು ವರ್ಷ ಬಿಡಿ. ಮೊದಲು ಫಾರ್ಮ್. ಅದೂ 50 ತಾಯಿಯಿಂದ ಶುರು ಮಾಡಿದರೆ ನಿಮ್ಮ 25 ಲಕ್ಷಕ್ಕೆ ಉಸಿರಾಡೋಕೆ ಜಾಗ ಇರುತ್ತೆ. ಆದರೆ ಸಬ್ಸಿಡಿ ಮಿತಿ 15 ಲಕ್ಷಕ್ಕೆ ಇಳಿಯುತ್ತದೆ. ಇಳಿಯಲಿ ಬಿಡಿ. ಸಾಲದ ಅರ್ಜಿಯಲ್ಲಿ ಕಂತು ಶುರುವಾಗುವ ಮುಂಚೆ ಕನಿಷ್ಠ 18 ತಿಂಗಳು ಬಿಡುವು ಕೇಳಿ, ಮೇಲೆ ಹೇಳಿದ 14 ತಿಂಗಳ ಲೆಕ್ಕವನ್ನೇ ತಿಂಗಳುವಾರು ಬರೆದು ಲಗತ್ತಿಸಿ. ಫೀಡ್‌ಗೆ ಬೇರೆಯಾಗಿ ದುಡಿಯುವ ಬಂಡವಾಳದ ಸಾಲ ಕೇಳಿ. ಈ ಎರಡು ಹಾಳೆ ಇದ್ದರೆ ಮ್ಯಾನೇಜರ್ ನಿಮ್ಮನ್ನು ಕೂರಿಸಿ ಮಾತಾಡುತ್ತಾರೆ.

ಆಮೇಲೆ ಮಾಂಸದ ಘಟಕ. ಅದಕ್ಕೆ ಪಶುಸಂಗೋಪನಾ ಮೂಲಸೌಕರ್ಯ ಅಭಿವೃದ್ಧಿ ನಿಧಿ ಇದೆ, ಎಎಚ್‌ಐಡಿಎಫ್ ಅಂತಾರೆ. 2020ರಲ್ಲಿ 15,000 ಕೋಟಿಯಿಂದ ಶುರುವಾಯಿತು, 2024ರಲ್ಲಿ 29,610 ಕೋಟಿಗೆ ಹೆಚ್ಚಿಸಿ 2025-26ರವರೆಗೆ ವಿಸ್ತರಿಸಿದರು. ಇಲ್ಲಿ ಸಬ್ಸಿಡಿ ಇಲ್ಲ, ಬಡ್ಡಿಯಲ್ಲಿ ಶೇ 3 ಕೇಂದ್ರ ಸರ್ಕಾರ ಕಟ್ಟುತ್ತದೆ, ಎರಡು ವರ್ಷದ ಬಿಡುವೂ ಸೇರಿ ಎಂಟು ವರ್ಷದವರೆಗೆ. ಸಣ್ಣ, ಅತಿ ಸಣ್ಣ ಉದ್ಯಮಕ್ಕೆ ನಿಮ್ಮ ಕೈಯಿಂದ ಶೇ 10 ಹಾಕಿದರೆ ಸಾಕು. 80 ಲಕ್ಷ ಸಾಲ ಅಂದರೆ ಮೊದಲ ವರ್ಷ 2.4 ಲಕ್ಷ ಉಳಿಯಿತು. ಸಾಲದ ಶೇ 25ರವರೆಗೆ ಗ್ಯಾರಂಟಿ ನಿಧಿಯ ಆಸರೆಯೂ ಇದೆ, ಆದರೆ ಬ್ಯಾಂಕಿನವರು ಅದರ ಮೇಲೂ ಜಮೀನಿನ ಅಡಮಾನ ಕೇಳುತ್ತಾರೆ, ಕೇಳಲ್ಲ ಅಂದುಕೊಳ್ಳಬೇಡಿ. ಅರ್ಜಿ ಹಾಕುವ ದಿನ ಪೋರ್ಟಲ್ ತೆರೆದಿದೆಯಾ ಅಂತ ನೋಡಿಕೊಂಡೇ ಖರ್ಚು ಶುರು ಮಾಡಿ. ಒಂದೇ ಶೆಡ್ಡಿನ ಬಿಲ್ಲನ್ನು ಎರಡೂ ಯೋಜನೆಯಲ್ಲಿ ತೋರಿಸಲು ಹೋಗಬೇಡಿ.

ಮೊದಲ ಹಂತಕ್ಕೆ ಕಡಿಯುವ ಲೈನೇ ಬೇಡ. ಲೈಸೆನ್ಸ್ ಇರುವ ಕಸಾಯಿಖಾನೆಯಲ್ಲಿ ಕಡಿಸಿ ತಂದು, ನಿಮ್ಮಲ್ಲಿ ಕಟಿಂಗ್ ರೂಮ್, 0ಯಿಂದ 4 ಡಿಗ್ರಿಯ ಚಿಲ್ಲರ್, ಮೈನಸ್ 18ರ ಫ್ರೀಜರ್, ಪ್ಯಾಕಿಂಗ್ ಮೆಷಿನ್ ಇಟ್ಟುಕೊಳ್ಳಿ. 95 ಕೆ.ಜಿ. ಹಂದಿ ಕಡಿದು ಸ್ವಚ್ಛ ಮಾಡಿದರೆ ಮೂಳೆ ಸಮೇತ ಇಡೀ ದೇಹ ಸುಮಾರು 70 ಕೆ.ಜಿ. ಸಿಗುತ್ತೆ, ಕತ್ತರಿಸಿ ಮಾರುವ ಚಿಲ್ಲರೆ ಮಾಂಸ ಅದಕ್ಕಿಂತ ಕಡಿಮೆ. ಆ ಮಾಂಸವನ್ನು ಯಾರು, ಯಾವ ದಿನ, ಯಾವ ದರಕ್ಕೆ ಕೊಳ್ಳುತ್ತಾರೆ ಅನ್ನೋದಕ್ಕೆ ನಾಲ್ಕು ಅಂಗಡಿಯವರ ಪತ್ರ ತಂದರೆ ಮೆಷಿನ್ ಕೊಟೇಶನ್‌ಗಿಂತ ಜಾಸ್ತಿ ಬೆಲೆ ಅದಕ್ಕೆ. ಸ್ವಂತ ಕಸಾಯಿಖಾನೆ ಅಂದ ಕೂಡಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ರಕ್ತದ ನೀರು ಶುದ್ಧ ಮಾಡುವ ಘಟಕ, ಕಡಿಯುವ ಮುಂಚೆಯೂ ಆಮೇಲೂ ಪಶುವೈದ್ಯರ ತಪಾಸಣೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಎಲ್ಲ ಬೆನ್ನಿಗೆ ಬರುತ್ತವೆ.

ಮತ್ತೆ, ನಿಮ್ಮ ಜಾಗ ಜಮ್ಮಾ ಬಾಣೆಯಾ (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು)? ಪಹಣಿಯಲ್ಲಿ ಪಟ್ಟೇದಾರರ ಹೆಸರು ಯಾರದ್ದಿದೆ ನೋಡಿ. ಕುಟುಂಬದ ಜಂಟಿ ಹೆಸರಿದ್ದರೆ ಅಡಮಾನಕ್ಕೆ ಎಲ್ಲರ ಸಹಿ ಕೇಳುತ್ತಾರೆ. ಕೊಡಗಿನ ಫೈಲುಗಳು ಹಂದಿಗಿಂತ ಮೊದಲು ಇಲ್ಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ, ವಿರಾಜಪೇಟೆಯಿಂದ: ಅಣ್ಣ, ಹಂದಿ ಜ್ವರ ಬಂದರೆ ಇದೆಲ್ಲ ಲೆಕ್ಕ ಎಲ್ಲಿ ನಿಲ್ಲುತ್ತೆ? ನಮ್ಮ ಪಕ್ಕದ ವಯನಾಡಿನಲ್ಲಿ ಆದದ್ದು ನೋಡಿದ್ದೀವಲ್ಲ.

ಉತ್ತರ: ನಿಲ್ಲಲ್ಲ, ಕುಸಿಯುತ್ತೆ. ಆಫ್ರಿಕನ್ ಹಂದಿ ಜ್ವರ ನಮ್ಮ ದೇಶಕ್ಕೆ ಬಂದದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದಲ್ಲಿ. 2022ರಲ್ಲಿ ವಯನಾಡು. ಮನುಷ್ಯರಿಗೆ ಹರಡುವುದಿಲ್ಲ, ಆದರೆ ಹಂದಿಗೆ ಔಷಧಿ ಇಲ್ಲ, ನಮ್ಮಲ್ಲಿ ಹಾಕಿಸೋಕೆ ಲಸಿಕೆಯೂ ಇಲ್ಲ. ಮಾಮೂಲಿ ಹಂದಿ ಜ್ವರದ ಲಸಿಕೆ ಬೇರೆ, ಅದು ಇದಕ್ಕೆ ಕೆಲಸ ಮಾಡಲ್ಲ. ಒಂದು ಫಾರ್ಮಿನಲ್ಲಿ ಖಚಿತವಾದರೆ ಸುತ್ತ ಒಂದು ಕಿ.ಮೀ. ಒಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿ.ಮೀ. ನಿಗಾದಲ್ಲಿ ಇಡುತ್ತಾರೆ. ಪರಿಹಾರ ತೂಕದ ಮೇಲೆ, ಕೇಂದ್ರ ರಾಜ್ಯ ಅರ್ಧರ್ಧ. ತಾನಾಗಿ ಸತ್ತ ಹಂದಿಯನ್ನು ಆ ಲೆಕ್ಕದಲ್ಲಿ ನೆಚ್ಚಿಕೊಳ್ಳಬೇಡಿ.

ವಿಮೆ ಮಾಡಿಸುವಾಗ ಆಫ್ರಿಕನ್ ಹಂದಿ ಜ್ವರ ಪಾಲಿಸಿಯಲ್ಲಿ ಸೇರಿದೆಯಾ ಅಂತ ಬಾಯಲ್ಲಿ ಕೇಳಬೇಡಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮಿಷನ್ ಅಡಿಯ ವಿಮೆಯಲ್ಲಿ ರೈತನ ಪಾಲು ಪ್ರೀಮಿಯಂನ ಶೇ 15 ಅಷ್ಟೇ, ಆದರೆ ಒಂದು ಮನೆಗೆ ಇಷ್ಟೇ ಪ್ರಾಣಿ ಅನ್ನೋ ಮಿತಿ ಇದೆ, ದೊಡ್ಡ ಫಾರ್ಮ್ ಪೂರ್ತಿ ಅದರೊಳಗೆ ಬರಲ್ಲ.

ರೋಗ ಹೇಗೆ ಬರುತ್ತೆ ಗೊತ್ತಾ? ವ್ಯಾಪಾರಿಯ ಪಿಕಪ್ ಗಾಡಿ. ಹಿಂದಿನ ದಿನ ಬೇರೆ ಮೂರು ಫಾರ್ಮಿಗೆ ಹೋಗಿ, ತಳದಲ್ಲಿ ಒಣಗಿದ ಸಗಣಿ ಸಮೇತ ನಿಮ್ಮ ಶೆಡ್ ಬಾಗಿಲಿಗೇ ರಿವರ್ಸ್ ಬರುತ್ತೆ. ಹುಡುಗ ಇಳಿದು ಅದೇ ಚಪ್ಪಲಿಯಲ್ಲಿ ಒಳಗೆ ಬಂದು ಹಂದಿ ಆರಿಸುತ್ತಾನೆ. ಹಂದಿ ಹತ್ತಿಸುವ ಕಟ್ಟೆಯನ್ನು ಬೇಲಿಗೇ ಕಟ್ಟಿ, ಗಾಡಿ ಬೇಲಿ ಹೊರಗೇ ನಿಲ್ಲಬೇಕು, ತೂಕವೂ ಅಲ್ಲೇ. ಕಟ್ಟೆ, ಎರಡು ಸುತ್ತು ಬೇಲಿ (ನಮ್ಮಲ್ಲಿ ಕಾಡುಹಂದಿ ಕಾಟ ಬೇರೆ), ಚಕ್ರ ಮುಳುಗುವ ಔಷಧಿ ತೊಟ್ಟಿ, ಹೊಸ ಹಂದಿ ಇಡಲು ದೂರದ ಸಣ್ಣ ಶೆಡ್, ಇವನ್ನೆಲ್ಲ ಯೋಜನಾ ವೆಚ್ಚದಲ್ಲೇ ಸೇರಿಸಿ. ಆಮೇಲೆ ಮಾಡೋಣ ಅಂದರೆ ದುಡ್ಡು ಇರಲ್ಲ.

ಹೋಟೆಲ್ ಮುಸುರೆ ಹಾಕುವ ಲೆಕ್ಕದಲ್ಲಿ ಫೀಡ್ ಖರ್ಚು ಅರ್ಧ ತೋರಿಸಿದ ರಿಪೋರ್ಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಮುಸುರೆ ಸುರಕ್ಷಿತ ಆಗಬೇಕಾದರೆ ಕಲಕುತ್ತಾ 90 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಬೇಕು. ಅದಕ್ಕೆ ಸೌದೆ, ಆಳು, ಹಂಡೆ, ಎಲ್ಲ ಹಾಕಿ ನೋಡಿ, ಅಗ್ಗ ಅನ್ನಿಸೋದು ಕಡಿಮೆ.

ಪ್ರಶ್ನೆ, ಮೂಡುಬಿದಿರೆಯಿಂದ: ನಮಸ್ತೆ ಸರ್. ನಾವು ಅಷ್ಟು ದೊಡ್ಡವರಲ್ಲ. ಮನೆಯಲ್ಲಿ ಹತ್ತು ಹಂದಿ, ನಾನು ಪೋರ್ಕ್ ಉಪ್ಪಿನಕಾಯಿ, ಸಾಸೇಜ್ ಮಾಡಿ ಪರಿಚಯದವರಿಗೆ ಕೊಡುತ್ತೇನೆ. ಕ್ರಿಸ್ಮಸ್ ಹೊತ್ತಿಗೆ ಪೂರೈಸೋಕೆ ಆಗಲ್ಲ. ನಮ್ಮಂಥವರಿಗೆ ಏನಾದರೂ ಇದೆಯಾ?

ಉತ್ತರ: ಇದೆ ಮೇಡಂ, ಮತ್ತು ನಿಜ ಹೇಳಬೇಕೆಂದರೆ ನಿಮ್ಮ ಫೈಲ್ ನನಗೆ ಜಾಸ್ತಿ ಇಷ್ಟ, ಯಾಕೆಂದರೆ ಕೊಳ್ಳುವವರು ಆಗಲೇ ಇದ್ದಾರೆ. 50 ತಾಯಿಗಿಂತ ಕಡಿಮೆ ಇದ್ದರೆ ಜಾನುವಾರು ಮಿಷನ್ ಸಬ್ಸಿಡಿ ಸಿಗಲ್ಲ, ಅದನ್ನು ಮರೆತುಬಿಡಿ. ನಿಮಗೆ ಸರಿಹೊಂದೋದು ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆ. ಕೇಂದ್ರದ್ದು ಶೇ 35, ಹೆಚ್ಚೆಂದರೆ 10 ಲಕ್ಷ. ನಮ್ಮ ರಾಜ್ಯ ಇನ್ನೂ ಶೇ 15 ಸೇರಿಸಿ ಒಟ್ಟು ಶೇ 50, ಹೆಚ್ಚೆಂದರೆ 15 ಲಕ್ಷ ಮಾಡಿದೆ. ಕೃಷಿ ಇಲಾಖೆಯ ಕೆಪೆಕ್ (ಕೃಷಿ ಉತ್ಪನ್ನ ಸಂಸ್ಕರಣೆ, ರಫ್ತು ನಿಗಮ) ಇದನ್ನು ನೋಡಿಕೊಳ್ಳುತ್ತದೆ. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ, ಅರ್ಜಿ ಬರೆಯೋಕೆ ಅವರೇ ಸಹಾಯ ಮಾಡಬೇಕು, ದುಡ್ಡು ತಗೊಳ್ಳುವ ಹಾಗಿಲ್ಲ. ಇದಕ್ಕೂ ಅವಧಿ 2025-26ರವರೆಗೆ ಅಂತ ಇಟ್ಟಿದ್ದರು, ಅವರನ್ನೇ ಕೇಳಿ ಮುಂದುವರಿಯಿರಿ.

ಹಂದಿಗಳ ಫೀಡ್‌ಗೆ ಪಶುಸಂಗೋಪನೆ ಕಿಸಾನ್ ಕ್ರೆಡಿಟ್ ಕಾರ್ಡ್ ಮಾಡಿಸಿ. 2 ಲಕ್ಷದವರೆಗೆ ಸರಿಯಾದ ಸಮಯಕ್ಕೆ ಕಟ್ಟಿದರೆ ಬಡ್ಡಿ ಶೇ 4ಕ್ಕೆ ಇಳಿಯುತ್ತದೆ. ಸಾಸೇಜ್ ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು, ಪರಿಚಯದವರಿಗೆ ಅಂತ ಬಿಡಬೇಡಿ. ತರಬೇತಿ ಬೇಕಿದ್ದರೆ ಹೈದರಾಬಾದಿನಲ್ಲಿ ಐಸಿಎಆರ್‌ನ ಮಾಂಸ ಸಂಶೋಧನಾ ಸಂಸ್ಥೆ ಇದೆ, ಹತ್ತಿರದಲ್ಲಿ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಮಧ್ಯೆ ಒಬ್ಬರು, ಹಾಸನದಿಂದ: ಹಂದಿ ಸಾಕಣೆ ಕೃಷಿ ತಾನೇ, ಇನ್‌ಕಂ ಟ್ಯಾಕ್ಸ್ ಇಲ್ಲ ಅಲ್ವಾ?

ಉತ್ತರ: ಇದೆ. ಕೃಷಿ ಆದಾಯ ಅಂದರೆ ಭೂಮಿಯಲ್ಲಿ ಬೆಳೆದದ್ದು. ಹಂದಿ, ಕೋಳಿ, ಹಾಲು ಎಲ್ಲ ವ್ಯಾಪಾರದ ಆದಾಯವೇ. ಕಾಫಿ ಜೊತೆ ಸೇರಿಸಿ ತೋರಿಸೋಣ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ರಿಟರ್ನ್ ಹಾಕಿದ್ದರೆ ಎರಡನೇ ಸಾಲ ಕೇಳುವಾಗ ಅದೇ ನಿಮ್ಮ ಕೈ ಹಿಡಿಯುತ್ತದೆ.

ಸೋಮವಾರಪೇಟೆಯವರು ಮತ್ತೆ: ಸರ್ ಕೊನೇದೊಂದು. ಸಬ್ಸಿಡಿ ಮಾಡಿಸಿಕೊಡ್ತೀನಿ, ಬಂದ ಮೇಲೆ ಶೇ 10 ಕೊಡಿ, ಈಗ 50 ಸಾವಿರ ಅಡ್ವಾನ್ಸ್ ಅಂತ ಒಬ್ಬರು ಗಂಟು ಬಿದ್ದಿದ್ದಾರೆ.

ಉತ್ತರ: ಕೊಡಬೇಡಿ. ಅರ್ಜಿ ಆನ್‌ಲೈನ್‌ನಲ್ಲಿ ನೀವೇ ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯ ಸಹಾಯಕ ನಿರ್ದೇಶಕರನ್ನು ಭೇಟಿ ಮಾಡಿ, ಫೈಲ್ ಮುಂದೆ ಹೋಗೋದು ಅವರ ಇಲಾಖೆಯಿಂದಲೇ. ಆ 50 ಸಾವಿರದಲ್ಲಿ ನೀವಿಬ್ಬರೂ ಹೋಗಿ ಕೂಡಿಗೆಯ ಹಂದಿ ತಳಿ ಕೇಂದ್ರ ನೋಡಿ ಬನ್ನಿ, ಸಾಕುತ್ತಿರುವ ನಾಲ್ಕು ಜನರ ಹತ್ತಿರ ಕೂತು ಫೀಡ್ ಬಿಲ್ ಕೇಳಿ. ಆಮೇಲೆ 50 ತಾಯಿಗೆ ಹೊಸ ರಿಪೋರ್ಟ್ ನೀವೇ ಬರೆಯಿರಿ. ಪಹಣಿ, ತಿಂಗಳುವಾರು ಫೀಡ್ ಲೆಕ್ಕ, ಶೆಡ್ ನಕ್ಷೆ ಇಲ್ಲೇ ಹಾಕಿ, ಬ್ಯಾಂಕಿಗೆ ಕೊಡುವ ಮುಂಚೆ ಒಮ್ಮೆ ನೋಡುತ್ತೇನೆ. ಪಹಣಿ ಹಾಕುವಾಗ ಸರ್ವೆ ನಂಬರ್, ಹೆಸರು ಅಳಿಸಿ ಹಾಕಿ, ಗುಂಪಿನಲ್ಲಿ ಎಲ್ಲರೂ ಇರುತ್ತಾರೆ.