ಪದಚರ್ಚೆ: ಪುಡಿಯಾದ ಗಾಜಿಗೆ ‘ಗಾಜಿನ ಮರಳು’ ಅನ್ನಬಹುದಾ?

ಬಳಗದ ಎಲ್ಲರಿಗೂ ಮೈಸೂರಿನಿಂದ ನಮಸ್ಕಾರ.

ಇಲ್ಲಿನ ಒಂದು ಶಾಲೆಯ ವಿಜ್ಞಾನ ಮೇಳಕ್ಕೆ ಗೋಡೆಗೆ ಅಂಟಿಸುವ ಬರಹಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ವಿಷಯ ಅಮೆರಿಕದ ಲೂಸಿಯಾನಾ ರಾಜ್ಯದ್ದು. ಖಾಲಿ ಬಾಟಲಿಗಳನ್ನು ಕುಟ್ಟಿ ಪುಡಿ ಮಾಡಿ, ಮರಳಿನ ಹದಕ್ಕೆ ತಂದು, ಸಮುದ್ರ ನುಂಗುತ್ತಿರುವ ದಡಕ್ಕೆ ಅಲ್ಲಿ ಹಾಕುತ್ತಿದ್ದಾರೆ. ಮಕ್ಕಳಿಗೆ ಸಂಗತಿ ಬೇಗ ಹಿಡಿಸಿತು. ನನಗೆ ಮಾತ್ರ ಪದಗಳು ಕೈಗೆ ಸಿಗುತ್ತಿಲ್ಲ. ಮುಖ್ಯವಾಗಿ ಒಂದೇ ಪ್ರಶ್ನೆ, ಅದರ ಹಿಂದೆ ಮುಂದೆ ನಾಲ್ಕಾರು ಮರಿ ಪ್ರಶ್ನೆ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. 2020ರಲ್ಲಿ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಫ್ರಾನ್ಜಿಸ್ಕಾ ಟ್ರೌಟ್‌ಮನ್ ಮತ್ತು ಮ್ಯಾಕ್ಸ್ ಸ್ಟೈಟ್ಜ್ ಇದನ್ನು ಶುರು ಮಾಡಿದರು. ಕುಡಿದಿಟ್ಟ ವೈನ್ ಬಾಟಲಿ ಸೀದಾ ಕಸದ ಗುಂಡಿಗೆ ಹೋಗುತ್ತಲ್ಲ ಅನ್ನೋ ಬೇಸರವೇ ಇದರ ಮೂಲ. ಒಂದು ಹಿತ್ತಿಲಲ್ಲಿ ಚಿಕ್ಕ ಯಂತ್ರ ಇಟ್ಟುಕೊಂಡು ಆರಂಭಿಸಿದರು. ಈಗ ದೊಡ್ಡ ಹ್ಯಾಮರ್ ಮಿಲ್ ಇದೆ. ಗಾಜನ್ನು ಕುಟ್ಟಿ, ಲೇಬಲ್ಲು ಮುಚ್ಚಳಗಳ ಚೂರನ್ನು ಬೇರೆ ಮಾಡಿ, ಜರಡಿ ಹಿಡಿದು, ಜಲ್ಲಿಯಷ್ಟು ದಪ್ಪದ್ದು ಒಂದು ಕಡೆ, ಮರಳಿನಷ್ಟು ಸಣ್ಣದ್ದು ಒಂದು ಕಡೆ ಎಂದು ವಿಂಗಡಿಸುತ್ತಾರೆ. ಸಣ್ಣದನ್ನು ಗೋಣಿಚೀಲಕ್ಕೆ ತುಂಬಿ ಜೌಗಿನ ಅಂಚಿನಲ್ಲಿ ಪೇರಿಸಿ, ಅಲ್ಲಿಯದೇ ಹುಲ್ಲು ಗಿಡ ನೆಡುತ್ತಾರೆ. ಗೋಣಿ ಕಾಲಕ್ರಮದಲ್ಲಿ ಕೊಳೆತು ಹೋಗುತ್ತದೆ, ಅಷ್ಟರಲ್ಲಿ ಬೇರು ಮರಳನ್ನು ಹಿಡಿದುಕೊಂಡಿರಬೇಕು ಅನ್ನೋದು ಲೆಕ್ಕ. ಈ ಮರಳಲ್ಲಿ ಜೌಗಿನ ಗಿಡಗಳು ಬದುಕುತ್ತವೆಯೇ, ನೀರಿನ ಜೀವಿಗಳಿಗೆ ತೊಂದರೆ ಇದೆಯೇ ಎಂದು ಟುಲೇನ್‌ನ ಸಂಶೋಧಕರೇ ಪರೀಕ್ಷೆ ಮಾಡಿದ್ದಾರೆ.

ಆ ಸಂಸ್ಥೆಯ ಹೆಸರು ‘ಗ್ಲಾಸ್ ಹಾಫ್ ಫುಲ್’. ಇದನ್ನು ಅನುವಾದಿಸುವ ಆಸೆಯನ್ನೇ ಬಿಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಗಾಜಿಗೂ ಲೋಟಕ್ಕೂ ಒಂದೇ ಪದ, ಅದರ ಮೇಲೆ ನಿಂತ ಆಟ ಅದು. ನಮ್ಮಲ್ಲಿ ‘ಗ್ಲಾಸ್’ ಅಂದರೆ ಲೋಟ ಅಷ್ಟೇ. ‘ಸ್ಟೀಲ್ ಗ್ಲಾಸಲ್ಲಿ ನೀರು ಕೊಡಿ’ ಅನ್ನುವ ಊರಿನಲ್ಲಿ ಆ ಶ್ಲೇಷೆ ಹುಟ್ಟುವುದೇ ಇಲ್ಲ. ಹೆಸರನ್ನು ಹಾಗೇ ಇಟ್ಟು ಮುಂದೆ ಹೋದೆ.

ಈಗ ಮುಖ್ಯ ಪ್ರಶ್ನೆ. ಆ ಮರಳಿಗೆ ಏನನ್ನಬೇಕು?

‘ಗಾಜು ಮರಳು’ ಎಂದು ಬರೆದರೆ ಅರ್ಥ ಎರಡೂ ದಿಕ್ಕಿಗೆ ಹೋಗುತ್ತದೆ. ಕನ್ನಡದಲ್ಲಿ ಎರಡು ನಾಮಪದ ಅಕ್ಕಪಕ್ಕ ಕೂತರೆ ಯಾವುದು ಯಾವುದರಿಂದ ಬಂತು ಅಂತ ಸಮಾಸ ತಾನಾಗಿ ಹೇಳುವುದಿಲ್ಲ. ‘ಅಕ್ಕಿ ಹಿಟ್ಟು’ ಅಂದರೆ ಹಿಂದೆ ಅಕ್ಕಿಯಾಗಿದ್ದದ್ದು. ‘ದೋಸೆ ಹಿಟ್ಟು’ ಅಂದರೆ ಮುಂದೆ ದೋಸೆಯಾಗುವಂಥದ್ದು. ರೂಪ ಒಂದೇ, ದಿಕ್ಕು ಉಲ್ಟಾ. ಅದೇ ರೀತಿ ‘ಇಟ್ಟಿಗೆ ಪುಡಿ’ ಇಟ್ಟಿಗೆಯಿಂದ ಬಂದದ್ದು, ‘ಇಟ್ಟಿಗೆ ಮಣ್ಣು’ ಇಟ್ಟಿಗೆ ಮಾಡಲು ತಂದದ್ದು. ನಮಗೆ ಗೊಂದಲ ಆಗದೆ ಇರುವುದು ದೋಸೆ, ಅಕ್ಕಿ, ಇಟ್ಟಿಗೆ ಎಲ್ಲ ಕಣ್ಣಮುಂದೆ ಇರುವುದರಿಂದ. ಗಾಜಿನ ವಿಷಯದಲ್ಲಿ ಆ ಬಲ ಇಲ್ಲ.

ಗೊಂದಲ ಬರೀ ಊಹೆಯದ್ದಲ್ಲ. ಗಣಿ ಮತ್ತು ಭೂವಿಜ್ಞಾನದವರ ಇಂಗ್ಲಿಷಿನಲ್ಲಿ ‘ಗ್ಲಾಸ್ ಸ್ಯಾಂಡ್’ ಅಂದರೆ ಗಾಜು ತಯಾರಿಸಲು ಬೇಕಾದ ಶುದ್ಧ ಸಿಲಿಕಾ ಮರಳು. ಅಂದರೆ ದೋಸೆ ಹಿಟ್ಟಿನ ಜಾತಿ. ಲೂಸಿಯಾನಾದ ಮರಳು ಅಕ್ಕಿ ಹಿಟ್ಟಿನ ಜಾತಿ. ಎರಡಕ್ಕೂ ‘ಗಾಜು ಮರಳು’ ಎಂದು ಬರೆದುಬಿಟ್ಟರೆ, ‘ಮರಳಿನಿಂದ ಗಾಜು ಮಾಡುತ್ತಾರೆ’ ಅಂತ ಪಾಠದಲ್ಲಿ ಓದಿರುವ ಹುಡುಗ ನಮ್ಮ ಪೋಸ್ಟರನ್ನು ತಿರುವುಮುರುವಾಗಿ ಓದುವುದು ಖಂಡಿತ.

ವಿಭಕ್ತಿ ಹಚ್ಚಿ ‘ಗಾಜಿನ ಮರಳು’ ಅಂದರೆ ಸ್ವಲ್ಪ ವಾಸಿ. ಗಾಜಿನ ಬಳೆ, ಗಾಜಿನ ಬಾಟಲಿ ಎಂಬ ಸಾಲಿನಲ್ಲಿ ಕೂತು ‘ಗಾಜಿನಿಂದ ಆದ’ ಅನ್ನೋ ಅರ್ಥದ ಕಡೆ ವಾಲುತ್ತದೆ. ಆದರೆ ‘ಗಾಜಿನ ಕಾರ್ಖಾನೆ’ಯೂ ಕನ್ನಡವೇ ಅಲ್ವಾ? ಕಾರ್ಖಾನೆ ಗಾಜಿನಿಂದ ಆದದ್ದಲ್ಲ. ಷಷ್ಠಿ ಎಲ್ಲ ಸಂಬಂಧಕ್ಕೂ ತಲೆಯಾಡಿಸುವ ವಿಭಕ್ತಿ, ಅದನ್ನು ನಂಬಿ ಕೂರುವಂತಿಲ್ಲ.

‘ಗಾಜಿನ ಪುಡಿ’ ಅನ್ನೋ ಸಲಹೆ ಶಾಲೆಯ ಒಬ್ಬ ಮೇಷ್ಟ್ರಿಂದ ಬಂತು. ಅರ್ಥ ಸರಿ, ಆದರೆ ಆ ಪದಕ್ಕೆ ಈಗಾಗಲೇ ಕೆಟ್ಟ ಹೆಸರಿದೆ. ಗಾಳಿಪಟದ ಮಾಂಜಾ ದಾರಕ್ಕೆ ಹಚ್ಚುವುದು ಅದನ್ನೇ, ಕುತ್ತಿಗೆ ಕುಯ್ದ ಸುದ್ದಿಗಳಲ್ಲಿ ಬರುವುದು ಅದೇ ಪದ. ದಡಕ್ಕೆ ಗಾಜಿನ ಪುಡಿ ಹಾಕುತ್ತಾರೆ ಅಂದರೆ ಓದುವವರಿಗೆ ಅಂಗಾಲು ಜುಮ್ ಅನ್ನುತ್ತದೆ. ನಿಜವಾಗಿ ಹಾಗಿಲ್ಲ. ಮಿಲ್ಲಿನಲ್ಲಿ ಕುಟ್ಟಿಸಿಕೊಂಡು ಕಾಳುಗಳು ಒಂದಕ್ಕೊಂದು ಉಜ್ಜಿದಾಗ ಚೂಪು ಅಂಚು ಹೋಗುತ್ತದೆ, ಕೈಯಲ್ಲಿ ಹಿಡಿಯುವಷ್ಟು ಮೆತ್ತಗಾಗುತ್ತದೆ. ಪದ ಈ ಭಯವನ್ನು ಕಳೆಯಬೇಕು, ಹುಟ್ಟಿಸಬಾರದು.

ಗಾರೆ ಕೆಲಸದ ಪರಿಚಯದವರೊಬ್ಬರನ್ನು ಕೇಳಿದೆ. ‘ಎಂ-ಸ್ಯಾಂಡ್ ಅಂತೀವಲ್ಲ, ಇದು ಜಿ-ಸ್ಯಾಂಡ್’ ಅಂದರು, ಒಂದು ಕ್ಷಣವೂ ಯೋಚಿಸದೆ. ನಗು ಬಂತು, ಆದರೆ ಅವರ ತರ್ಕ ಗಟ್ಟಿ. ಕಾವೇರಿ ಹೊಳೆ ಮರಳು ತೆಗೆಯಲು ಕಡಿವಾಣ ಬಿದ್ದ ಮೇಲೆ ಮೈಸೂರು, ಮಂಡ್ಯದಲ್ಲಿ ಕಲ್ಲು ಕುಟ್ಟಿದ ಮರಳು ಬಂತು. ‘ಕಲ್ಲು ಮರಳು’ ಅಂತ ಯಾರೂ ಕರೆಯಲಿಲ್ಲ, ಎಂ-ಸ್ಯಾಂಡ್ ಎಂದೇ ನಿಂತಿತು. ‘ಎಂ’ ಅಂದರೆ ಏನು ಅಂತ ಲಾರಿಯವರಿಗೂ ಬೇಕಿಲ್ಲ. ಇನ್ನೊಂದು ಎಚ್ಚರಿಕೆ: ‘ಸೋಸಿದ ಮರಳು’ ಅಂತ ಮಾತ್ರ ಯಾರೂ ಸೂಚಿಸಬೇಡಿ. ಹೊಲದ ಮಣ್ಣನ್ನು ತೊಳೆದು ಮಾರುವ ‘ಫಿಲ್ಟರ್ ಮರಳು’ ನೆನಪಾಗಿ, ಪೊಲೀಸ್ ಕೇಸಿನ ವಾಸನೆ ಹೊಡೆಯುತ್ತದೆ.

ಗುಜರಿ ಅಂಗಡಿಯವರ ಮಾತು ಇನ್ನೂ ಚೆನ್ನಾಗಿತ್ತು. ಮಂಡಿ ಮೊಹಲ್ಲಾದಲ್ಲಿ ಒಬ್ಬರು ಇಡೀ ಬಾಟಲಿಗೆ ‘ಬಾಟಲಿ’ ಅನ್ನುತ್ತಾರೆ, ಒಡೆದದ್ದಕ್ಕೆ ಕನ್ನಡದವರ ಹತ್ತಿರ ‘ಒಡಕಲು’, ತಮ್ಮವರ ಹತ್ತಿರ ‘ಕಾಂಚ್’. ಈ ಕಾಂಚ್ ಮತ್ತು ನಮ್ಮ ಗಾಜು ದಾಯಾದಿಗಳು, ಎರಡೂ ಸಂಸ್ಕೃತದ ‘ಕಾಚ’ದ ಮಕ್ಕಳು. ಹಳಬರು ಹೇಳುವ ‘ಸೀಸೆ’ ಪಾರಸಿಯ ಕಡೆಯಿಂದ ಬಂದದ್ದು, ಸೀಸ ಎಂಬ ಲೋಹಕ್ಕೂ ಅದಕ್ಕೂ ನಂಟಿಲ್ಲ. ‘ಒಡಕಲು’ ನನಗೆ ತುಂಬಾ ಹಿಡಿಸಿತು. ಗಾಜಿನ ಕಾರ್ಖಾನೆಯವರು ಇಂಗ್ಲಿಷಿನಲ್ಲಿ ‘ಕಲ್ಲೆಟ್’ ಅನ್ನುವುದಕ್ಕೆ ಇದು ಸರಿಯಾಗಿ ಕೂರುತ್ತದೆ. ಹೊಸ ಮರಳನ್ನು ಕರಗಿಸಿ ಗಾಜು ಮಾಡಲು ಸುಮಾರು 1500 ಡಿಗ್ರಿ ಕಾವು ಬೇಕು. ಒಡಕಲು ಬೆರೆಸಿದರೆ ಅಷ್ಟು ಕಾವು ಬೇಡ, ಉರುವಲು ಉಳಿಯುತ್ತದೆ. ‘ಕುಲುಮೆಗೆ ಒಡಕಲು ಬೆರೆಸುತ್ತಾರೆ’ ಅಂತ ಬರೆದೆ. ಯಾರಿಗೂ ಅಡಿಟಿಪ್ಪಣಿ ಬೇಕಾಗಲಿಲ್ಲ.

ಹಾಗಾದರೆ ಮರಳಿಗೆ? ನನಗೆ ದಾರಿ ತೋರಿಸಿದ್ದು ಅಲಮೇಲಮ್ಮನ ಶಾಪ. ‘ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ’. ಮೈಸೂರು ಸೀಮೆಯವರಿಗೆ ಇದು ಬಾಯಿಪಾಠ. ಇಲ್ಲಿ ‘ಮರಳಾಗು’ ಅನ್ನೋ ಕ್ರಿಯಾಪದ ಸಿದ್ಧವಾಗಿಯೇ ಇದೆ ನೋಡಿ. ನಾಮಪದಗಳ ಜೋಡಿ ಹೇಳಲಾಗದ ದಿಕ್ಕನ್ನು ಕ್ರಿಯಾಪದ ಒಂದೇ ಏಟಿಗೆ ಹೇಳುತ್ತದೆ. ಊರು ಮೊದಲು, ಮರಳು ಆಮೇಲೆ. ಅದೇ ಅಚ್ಚಿನಲ್ಲಿ ‘ಮರಳಾದ ಗಾಜು’, ‘ಗಾಜನ್ನು ಮರಳಾಗಿಸುವುದು’. ತಪ್ಪು ಓದಲು ಜಾಗವೇ ಇಲ್ಲ. ಶಾಪದ ಪದವನ್ನು ಒಳ್ಳೆ ಕೆಲಸಕ್ಕೆ ಬಳಸಬಹುದಾ ಅಂತ ಒಬ್ಬರು ಆಕ್ಷೇಪ ಎತ್ತಿದರು. ನನಗೆ ಅಡ್ಡಿ ಕಾಣಲಿಲ್ಲ. ಇನ್ನೊಬ್ಬರು ‘ಮರಳಿ ಮರಳಾದ ಗಾಜು’ ಅಂತ ತಲೆಬರಹ ಸೂಚಿಸಿದರು. ಚೆಂದ ಇದೆ, ಪತ್ರಿಕೆಯವರು ಕೇಳಿದರೆ ಬಿಡುವುದಿಲ್ಲ. ಆದರೆ ತಲೆಬರಹ ಬೇರೆ, ಪದ ಬೇರೆ.

ನನ್ನ ಈಗಿನ ಒಲವು ಹೀಗಿದೆ: ಮೊದಲ ಸಲ ಬರುವಾಗ ‘ಮರಳಾದ ಗಾಜು’ ಎಂದು ಬಿಡಿಸಿ ಹೇಳಿ, ಆಮೇಲೆ ಉದ್ದಕ್ಕೂ ‘ಬಾಟಲಿ ಮರಳು’ ಎಂದು ಬಳಸುವುದು. ಬಾಟಲಿ ಅಂದಕೂಡಲೇ ಮನಸ್ಸು ಖಾಲಿ ಬಾಟಲಿಯ ಕಡೆಗೇ ಓಡುತ್ತದೆ, ಸಿಲಿಕಾ ಗಣಿಯ ಕಡೆಗಲ್ಲ.

ಇನ್ನು ಮರಿ ಪ್ರಶ್ನೆಗಳು. ‘ಮರುಬಳಕೆ’ ನನಗೆ ಹಳೇ ತಲೆನೋವು. ಗೋಲಿ ಸೋಡಾ ಬಾಟಲಿ ತೊಳೆದು ಮತ್ತೆ ತುಂಬುವುದು ಮರುಬಳಕೆ. ಬಾಟಲಿಯನ್ನು ಕುಟ್ಟಿ ಬೇರೆ ವಸ್ತು ಮಾಡುವುದನ್ನೂ ಪತ್ರಿಕೆಗಳು ಮರುಬಳಕೆ ಎಂದೇ ಬರೆಯುತ್ತವೆ. ಎರಡೂ ಒಂದೇ ಪುಟದಲ್ಲಿ ಬಂದರೆ ಏನು ಮಾಡುವುದು? ‘ಮರುಸಂಸ್ಕರಣೆ’ ಕಚೇರಿ ಭಾಷೆ, ಮಕ್ಕಳ ಬಾಯಿಗೆ ಬರುವುದಿಲ್ಲ. ‘ಕುಟ್ಟಿ ಬಳಸುವುದು’ ಅಂತ ಸುಮ್ನೆ ಬಿಡಿಸಿ ಬರೆದಿದ್ದೇನೆ.

ದಡ ಕರಗುವುದಕ್ಕೆ ಕರಾವಳಿಯವರ ‘ಕಡಲ್ಕೊರೆತ’ ಇದೆಯಲ್ಲ, ಒಳ್ಳೆಯ ಪದ. ಉಳ್ಳಾಲ, ಮರವಂತೆಯ ಸುದ್ದಿಯಲ್ಲಿ ಪ್ರತಿ ಮಳೆಗಾಲ ಓದುತ್ತೇವೆ. ಪಠ್ಯಪುಸ್ತಕದ ‘ಸವೆತ’ಕ್ಕಿಂತ ಇದು ಎಷ್ಟೋ ವಾಸಿ. ಚಪ್ಪಲಿ ಸವೆಯುತ್ತದೆ, ಕಡಲು ಕೊರೆಯುತ್ತದೆ. ಆದರೆ ಲೂಸಿಯಾನಾಕ್ಕೆ ಕಡಲ್ಕೊರೆತ ಅಂದರೆ ಅರ್ಧ ಮಾತ್ರ ಹೇಳಿದಂತೆ. ಅಲ್ಲಿ ನೆಲವೇ ಕೆಳಕ್ಕೆ ಇಳಿಯುತ್ತಿದೆ. ಮಿಸ್ಸಿಸ್ಸಿಪ್ಪಿ ನದಿ ಪ್ರವಾಹ ಬಂದಾಗಲೆಲ್ಲ ಹೊಸ ಮಣ್ಣು ಹರಡಿ ಆ ಜೌಗನ್ನು ಕಟ್ಟಿತ್ತು. ಊರು ಮುಳುಗದಿರಲಿ ಎಂದು ನದಿಯ ಎರಡೂ ಬದಿಗೆ ಏರಿ ಹಾಕಿದರು. ಮಣ್ಣು ಜೌಗಿಗೆ ಹೋಗದೆ ಸೀದಾ ಸಮುದ್ರಕ್ಕೆ ಹೋಯಿತು. ತೈಲ ಕಂಪನಿಗಳು ತೋಡಿದ ಕಾಲುವೆಗಳಲ್ಲಿ ಉಪ್ಪುನೀರು ಒಳಗೆ ನುಗ್ಗಿತು. ಸಮುದ್ರದ ಮಟ್ಟವೂ ಏರುತ್ತಿದೆ. 1932ರಿಂದ 2016ರ ತನಕ ಅಲ್ಲಿ ಹೋದ ನೆಲ ಸುಮಾರು 4,800 ಚದರ ಕಿಲೋಮೀಟರ್. ಹತ್ತಿರ ಹತ್ತಿರ ನಮ್ಮ ಇಡೀ ಮಂಡ್ಯ ಜಿಲ್ಲೆಯಷ್ಟು. ಇದರ ಮುಂದೆ ಬಾಟಲಿ ಮರಳು ಎಷ್ಟರದು ಅಂತ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಚಿಕ್ಕ ಚಿಕ್ಕ ತುಂಡು ಜಾಗ ಉಳಿಸಬಹುದು, ಜಿಲ್ಲೆಯನ್ನಲ್ಲ. ಅದನ್ನೂ ಪೋಸ್ಟರಿನಲ್ಲಿ ಹಾಕಿದ್ದೇನೆ.

ನೆಲ ಮೆಲ್ಲಗೆ ಇಳಿಯುವುದಕ್ಕೆ ಪದ ಯಾವುದು? ‘ಭೂಕುಸಿತ’ ಅಂದರೆ 2018ರ ಕೊಡಗು ಕಣ್ಣಿಗೆ ಬರುತ್ತದೆ, ಗುಡ್ಡ ದಬಕ್ಕನೆ ಜಾರುವುದು. ‘ನೆಲ ಇಳಿತ’ ಹೇಗಿದೆ? ಭರತ ಇಳಿತದ ‘ಇಳಿತ’ ಜೊತೆ ಸಿಕ್ಕಿಕೊಳ್ಳುತ್ತದೆಯೇ ಅನ್ನೋ ಅನುಮಾನ. ‘ನೆಲ ತಗ್ಗುವುದು’ ಸದ್ಯಕ್ಕೆ ಇಟ್ಟಿದ್ದೇನೆ.

ನದಿ ತರುವ ಆ ಮಣ್ಣಿಗೂ ಜಗಳ ಇದೆ. ‘ಹೂಳು’ ಅಂದರೆ ನಮ್ಮಲ್ಲಿ ಬೇಡದ್ದು, ಎತ್ತಿಸಬೇಕಾದ್ದು. ಕೆಆರ್‌ಎಸ್‌ನಲ್ಲಿ ಹೂಳು ತುಂಬಿದೆ ಅಂದರೆ ದೂರು ಹೇಳಿದಂತೆ. ಲೂಸಿಯಾನಾದಲ್ಲಿ ಅದಿಲ್ಲ ಅನ್ನೋದೇ ದೂರು. ಹಾಗಾಗಿ ‘ಮೆಕ್ಕಲು ಮಣ್ಣು’ ಎಂದು ಬರೆದೆ. ಕೆರೆ ತಳದ ಗೋಡು ಹೊಡೆದು ಗದ್ದೆಗೆ ಹಾಕುವ ರೈತರ ಮಕ್ಕಳಿಗಾದರೆ ‘ಗೋಡು’ ಇನ್ನೂ ಹತ್ತಿರವಾಗುತ್ತಿತ್ತು, ಆದರೆ ಅದು ಕೆರೆಯದ್ದು, ನದಿಯದ್ದಲ್ಲ.

ದಡಕ್ಕೆ ಮರಳು ಹಾಕಿ ಬೆಳೆಸುವುದಕ್ಕೆ ಇಂಗ್ಲಿಷಿನವರು ‘ಪೋಷಣೆ’ ಅನ್ನೋ ಅರ್ಥದ ಪದ ಬಳಸುತ್ತಾರೆ. ‘ತೀರ ಪೋಷಣೆ’ ಅಂದರೆ ಪೌಷ್ಟಿಕ ಆಹಾರ ಸಪ್ತಾಹದ ಬ್ಯಾನರ್ ಥರ ಕೇಳಿಸುತ್ತದೆ. ಪೈರಿಗೆ ನೀರುಣಿಸುತ್ತೇವೆ, ಗೊಬ್ಬರ ಉಣಿಸುತ್ತೇವೆ. ‘ದಡಕ್ಕೆ ಮರಳುಣಿಸುವುದು’ ಅನ್ನಬಹುದಲ್ವಾ? ಮಂಡ್ಯ ಕಡೆಯ ಹುಡುಗರು ಓದಿ ತಕ್ಷಣ ಒಪ್ಪಿದರು. ಮೈಸೂರು ಸಿಟಿ ಹುಡುಗರು ಸ್ವಲ್ಪ ನಕ್ಕರು.

ಕೊನೆಗೆ ಅಳತೆ. ‘ಪ್ರತಿ 100 ನಿಮಿಷಕ್ಕೆ ಒಂದು ಫುಟ್‌ಬಾಲ್ ಮೈದಾನದಷ್ಟು ನೆಲ’ ಅನ್ನೋದು ಅಲ್ಲಿ ಮನೆಮಾತು. ಅದು ಅವರ ಫುಟ್‌ಬಾಲ್, ನಮ್ಮದಲ್ಲ. ಆ ಮೈದಾನ ಸುಮಾರು 1 ಎಕರೆ 13 ಗುಂಟೆ ಆಗುತ್ತದೆ. ಗುಂಟೆ ಲೆಕ್ಕದಲ್ಲೇ ಹಾಕಿದ್ದೇನೆ.

ಕರಾವಳಿಯ ಬಳಗದವರಿಗೆ ವಿಶೇಷವಾಗಿ ಒಂದು ಕೋರಿಕೆ. ಹಳಗನ್ನಡದ ‘ಮಳಲ್’, ಉತ್ತರದವರ ‘ಉಸುಕು’, ನಮ್ಮ ‘ಮರಳು’ ಇವೆಲ್ಲ ಒಂದು ಕಡೆ ಇರಲಿ. ನಿಮ್ಮಲ್ಲಿ ‘ಹೊಯ್ಗೆ’ ಅನ್ನುತ್ತೀರಲ್ಲ, ಮಂಗಳೂರಿನ ಹೊಯ್ಗೆಬಜಾರಿನ ಹೊಯ್ಗೆ. ಕಡಲ ದಡದ್ದಕ್ಕೂ ಹೊಳೆಯದ್ದಕ್ಕೂ ಅದೊಂದೇ ಪದವೇ, ಅಥವಾ ಬೇರೆ ಬೇರೆ ಹೆಸರಿದೆಯೇ? ‘ಬಾಟಲಿ ಹೊಯ್ಗೆ’ ಅಂದರೆ ನಿಮ್ಮೂರಿನ ಮೀನುಗಾರರಿಗೆ ಏನು ಅರ್ಥವಾಗಬಹುದು? ಬರಹ ಮುಂದಿನ ವಾರ ಮುದ್ರಣಕ್ಕೆ ಹೋಗುತ್ತದೆ, ಅಷ್ಟರೊಳಗೆ ತಿಳಿಸಿ.